43 ಎಕರೆಯ ಲೆಕ್ಕ

2025ರ ಜುಲೈ 15ರಂದು ಮುಖ್ಯಮಂತ್ರಿ ಸಿದ್ದರಾಮಯ್ಯ ದೇವನಹಳ್ಳಿ ತಾಲ್ಲೂಕಿನ ಚನ್ನರಾಯಪಟ್ಟಣ ಹೋಬಳಿಯಲ್ಲಿ ವೈಮಾನಿಕ ಉದ್ಯಮಕ್ಕೆಂದು ಹೊರಟಿದ್ದ 1,777 ಎಕರೆ ಭೂಸ್ವಾಧೀನವನ್ನು ಕೈಬಿಟ್ಟರು. ಮೂರು ವರ್ಷಕ್ಕೂ ಹೆಚ್ಚು ಕಾಲ ಧರಣಿ ಕೂತಿದ್ದ ಹದಿಮೂರು ಹಳ್ಳಿಗಳ ರೈತರು ಇನ್ನೂ ಸುಧಾರಿಸಿಕೊಂಡಿರಲಿಲ್ಲ, ಆಂಧ್ರದ ಸಚಿವ ನಾರಾ ಲೋಕೇಶ್ ಅವರ ಟ್ವೀಟ್ ಬಂತು. ವೈಮಾನಿಕ ಉದ್ಯಮದವರು ನಮ್ಮಲ್ಲಿಗೆ ಬರಲಿ, ಬೆಂಗಳೂರಿನ ಮಗ್ಗುಲಲ್ಲೇ 8,000 ಎಕರೆಗೂ ಹೆಚ್ಚು ಜಾಗ ಸಿದ್ಧವಿದೆ ಎಂಬ ಕರೆ ಅದು. ಕೈಗೆ ಬಂದ ತುತ್ತು ಬಾಯಿಗೆ ಬರಲಿಲ್ಲವೆಂದು ಇಲ್ಲಿ ಹಲುಬಿದವರಿಗೂ ಕೊರತೆಯಾಗಲಿಲ್ಲ.

ನಮ್ಮ ತಕರಾರಿರುವುದು ಈ ಎಕರೆ ಲೆಕ್ಕದ ಮೇಲೆಯೇ. 2018ರಲ್ಲಿ ಅಮೆರಿಕ–ಚೀನಾ ಸುಂಕ ಸಮರ ಶುರುವಾದಂದಿನಿಂದ, ಕೋವಿಡ್ ಬಂದ ಮೇಲಂತೂ, ಕಂಪನಿಗಳ ಬಾಯಲ್ಲಿ 'ಚೀನಾ ಪ್ಲಸ್ ಒನ್' (ಚೀನಾದ ಜೊತೆಗೆ ಇನ್ನೊಂದು ದೇಶದಲ್ಲೂ ತಯಾರಿಕೆ) ಎಂಬ ಜಪ. ಆ 'ಒನ್' ತಾನಾಗಬೇಕೆಂದು ವಿಯೆಟ್ನಾಂ, ಮೆಕ್ಸಿಕೊ ಜೊತೆಗೆ ಭಾರತವೂ ಸಾಲಿನಲ್ಲಿ ನಿಂತಿದೆ. ಭಾರತದೊಳಗೆ ರಾಜ್ಯಗಳದ್ದು ಇನ್ನೊಂದು ಸಾಲು. ಬಂದವರಿಗೆ ಮಣೆ ಹಾಕುವ ಭರದಲ್ಲಿ ಎಲ್ಲರೂ ಮೊದಲು ಮುಂದೊಡ್ಡುವುದು ನೆಲವನ್ನು. ಸರ್ಕಾರದ ಜೇಬಿಗೆ ಅದು ಹಗುರ, ಭಾರವೆಲ್ಲ ಪಹಣಿಯಲ್ಲಿ ಹೆಸರಿದ್ದವನ ಮೇಲೆ.

ಕಾರ್ಖಾನೆಗೆ ಅಷ್ಟು ನೆಲ ನಿಜಕ್ಕೂ ಬೇಕೆ? ಐಫೋನ್ ಜೋಡಿಸಲು ತೈವಾನಿನ ವಿಸ್ಟ್ರಾನ್ ಕಂಪನಿಗೆ ಕೋಲಾರದ ನರಸಾಪುರದಲ್ಲಿ ಸಿಕ್ಕಿದ್ದು 43 ಎಕರೆ. ಅಷ್ಟರಲ್ಲೇ ಹತ್ತು ಸಾವಿರ ಮಂದಿ ದುಡಿದರು. (ವಿಮಾನದ ಮಾತೇ ಆಡುವುದಾದರೆ, 2024ರಲ್ಲಿ ಪ್ರಧಾನಿ ಉದ್ಘಾಟಿಸಿದ ದೇವನಹಳ್ಳಿಯ ಬೋಯಿಂಗ್ ಎಂಜಿನಿಯರಿಂಗ್ ಕ್ಯಾಂಪಸ್ಸಿನದ್ದೂ 43 ಎಕರೆಯೇ.) ನರಸಾಪುರದಲ್ಲಿ ಹೆದ್ದಾರಿ ಇತ್ತು, ರಿಯಾಯಿತಿ ಇತ್ತು, ಬೆಂಗಳೂರು ಕೂಗಳತೆಯಲ್ಲಿತ್ತು. ಸಂಬಳ ಮಾತ್ರ ಸರಿಯಾಗಿ ಕೈಸೇರುತ್ತಿರಲಿಲ್ಲ. 2020ರ ಡಿಸೆಂಬರ್ 12ರ ಬೆಳಗ್ಗೆ ಪಾಳಿ ಮುಗಿಸಿದ ಕಾರ್ಮಿಕರು ಗಾಜು ಒಡೆದರು, ವಾಹನ ಉರುಳಿಸಿದರು. ಅದು ತಪ್ಪೇ. ಆದರೆ ಕಾರ್ಖಾನೆಗಳ ಇಲಾಖೆ ಒಳಹೊಕ್ಕು ನೋಡಿದಾಗ ಕಂಡದ್ದೇನು? ಐದು ಸಾವಿರವಿದ್ದ ಆಳುಗಳ ಸಂಖ್ಯೆ ಅಲ್ಪಕಾಲದಲ್ಲೇ 10,500ಕ್ಕೆ ಏರಿತ್ತು, ಪಾಳಿ ಹನ್ನೆರಡು ಗಂಟೆಗೆ ಹಿಗ್ಗಿತ್ತು, ಹಾಜರಾತಿಯ ವ್ಯವಸ್ಥೆ ಕೈಕೊಟ್ಟಿತ್ತು. ಕೆಲವರಿಗೆ ಸಕಾಲಕ್ಕೆ ಸರಿಯಾದ ಸಂಬಳ ಕೊಟ್ಟಿಲ್ಲವೆಂದು ಕಂಪನಿಯೇ ಒಪ್ಪಿ ಕ್ಷಮೆ ಕೇಳಿತು. ಲೋಪ ಸರಿಪಡಿಸುವವರೆಗೆ ಹೊಸ ಆರ್ಡರ್ ಕೊಡುವುದಿಲ್ಲವೆಂದಿತು ಆ್ಯಪಲ್. ಮೂರು ವರ್ಷ ತುಂಬುವ ಮೊದಲೇ ಘಟಕವನ್ನು 12.5 ಕೋಟಿ ಡಾಲರಿಗೆ ಟಾಟಾ ಕೈಗೊಪ್ಪಿಸಲು ವಿಸ್ಟ್ರಾನ್ ಒಪ್ಪಂದ ಮಾಡಿಕೊಂಡಿತು.

ನರಸಾಪುರದ ಗಲಭೆಯಾಗಿ ಸುಮಾರು ಒಂದು ವರ್ಷದ ಬಳಿಕ ಇಂಥದೇ ಪೆಟ್ಟು ತಮಿಳುನಾಡಿಗೂ ಬಿತ್ತು. 2021ರ ಡಿಸೆಂಬರಿನಲ್ಲಿ ಶ್ರೀಪೆರಂಬುದೂರಿನ ಫಾಕ್ಸ್‌ಕಾನ್ ಐಫೋನ್ ಕಾರ್ಖಾನೆಯ ಹೆಣ್ಣುಮಕ್ಕಳು ಹಾಸ್ಟೆಲಿನ ಊಟದಿಂದ ಅಸ್ವಸ್ಥರಾದರು, ನೂರೈವತ್ತಕ್ಕೂ ಹೆಚ್ಚು ಮಂದಿ ಆಸ್ಪತ್ರೆ ಸೇರಿದರು. ಅವರ ಗೆಳತಿಯರು ಹೆದ್ದಾರಿಯಲ್ಲಿ ಕೂತರು, ಕಾರ್ಖಾನೆ ವಾರಗಟ್ಟಲೆ ಮುಚ್ಚಿತು. ಅಲ್ಲಿನ ಸರ್ಕಾರ ಮಾಡಿದ ಕೆಲಸ ನೋಡಿ. ವಲ್ಲಂ ವಡಗಾಲ್‌ನಲ್ಲಿ ಸುಮಾರು 706 ಕೋಟಿ ರೂಪಾಯಿ ವೆಚ್ಚದಲ್ಲಿ 18,720 ಮಹಿಳೆಯರು ಉಳಿಯುವಂಥ ವಸತಿ ಸಮುಚ್ಚಯ ಎದ್ದು 2024ರ ಆಗಸ್ಟಿನಲ್ಲಿ ಬಾಗಿಲು ತೆರೆಯಿತು. ನಾವೂ ಸುಮ್ಮನೆ ಕೂತಿರಲಿಲ್ಲವೆನ್ನಿ. 2023ರ ಫೆಬ್ರವರಿಯಲ್ಲಿ ಕಾರ್ಖಾನೆ ಕಾಯ್ದೆಗೆ ತಿದ್ದುಪಡಿ ತಂದು ದಿನದ ದುಡಿಮೆಯನ್ನು ಹನ್ನೆರಡು ಗಂಟೆಯವರೆಗೆ ಎಳೆಯಲು ಬಿಟ್ಟೆವು, ಮೂರು ತಿಂಗಳಿಗೆ 75 ಗಂಟೆಯಿದ್ದ ಓಟಿ ಮಿತಿಯನ್ನು 145ಕ್ಕೆ ಏರಿಸಿದೆವು. ನರಸಾಪುರದಲ್ಲಿ ಬೆಂಕಿ ಹೊತ್ತಿಸಿದ ಅದೇ ಹನ್ನೆರಡು ಗಂಟೆ! ವಾರಕ್ಕೆ 48 ಗಂಟೆಯ ಮಿತಿ ಉಳಿದಿದೆ ಎನ್ನುವುದೊಂದೇ ಸಮಾಧಾನ. ಅದೇ ವರ್ಷದ ಏಪ್ರಿಲಿನಲ್ಲಿ ತಮಿಳುನಾಡೂ ಇಂಥದೇ ಮಸೂದೆ ಪಾಸು ಮಾಡಿತ್ತು. ಕಾರ್ಮಿಕ ಸಂಘಗಳು ತಿರುಗಿಬಿದ್ದವು, ಮೇ ದಿನದಂದು ಮುಖ್ಯಮಂತ್ರಿ ಸ್ಟಾಲಿನ್ ಅದನ್ನು ಹಿಂಪಡೆದರು. ಅದಕ್ಕಾಗಿ ಫಾಕ್ಸ್‌ಕಾನ್ ಗಂಟುಮೂಟೆ ಕಟ್ಟಿದ್ದನ್ನು ನಾವಂತೂ ಕಾಣೆವು.

ಜಾಗತಿಕ ಮಾರುಕಟ್ಟೆಗೆ ಎಕರೆಗಿಂತ ಗಂಟೆ ಮುಖ್ಯ, ಅದೂ ಬೇರೆ ಥರದ ಗಂಟೆ. 2025ರಲ್ಲಿ ಟ್ರಂಪ್ ಸುಂಕದ ಬಿಸಿ ತಟ್ಟಿದಾಗ ಆ್ಯಪಲ್ ಸುಮಾರು 600 ಟನ್ ಐಫೋನ್‌ಗಳನ್ನು ಸರಕು ವಿಮಾನಗಳಲ್ಲಿ ಅಮೆರಿಕಕ್ಕೆ ಹಾರಿಸಿತು. ಹಾರಿದ್ದು ಚೆನ್ನೈನಿಂದ. ಅಲ್ಲಿನ ಕಸ್ಟಮ್ಸ್ ತಪಾಸಣೆ ಮೂವತ್ತು ಗಂಟೆಯಿಂದ ಆರು ಗಂಟೆಗೆ ಇಳಿದಿತ್ತೆಂದು ರಾಯಿಟರ್ಸ್ ಬರೆಯಿತು. ಫೋನಿನಂಥ ಹಗುರ, ದುಬಾರಿ ಸರಕಿಗೆ ಬಂದರಿಗಿಂತ ವಿಮಾನ ನಿಲ್ದಾಣವೇ ಹೆಬ್ಬಾಗಿಲು. ದೇವನಹಳ್ಳಿಯ ನಿಜವಾದ ಬಂಡವಾಳ ಅದು. ಅದನ್ನು ಆಂಧ್ರದ ಪೆನುಕೊಂಡಕ್ಕಾಗಲಿ ತಮಿಳುನಾಡಿನ ಹೊಸೂರಿಗಾಗಲಿ ಯಾರೂ ಟ್ವೀಟ್ ಮಾಡಿ ಒಯ್ಯಲಾರರು.

ದೇವನಹಳ್ಳಿಯ ಬಳಿ ಫಾಕ್ಸ್‌ಕಾನ್‌ಗೆ ಆಗಲೇ ಸಿಕ್ಕಿರುವ 300 ಎಕರೆಯಲ್ಲಿ 2025ರಲ್ಲಿ ಐಫೋನ್ 17 ತಯಾರಿಕೆ ಶುರುವಾಯಿತು. ದುಡಿಯುವವರಲ್ಲಿ ಬಹುಪಾಲು ಇಪ್ಪತ್ತರ ಆಸುಪಾಸಿನ ಹುಡುಗಿಯರು. ಎಷ್ಟೋ ಮಂದಿಗೆ ಇದು ಮೊದಲ ಕೆಲಸ. ಅವರಿಗೆ ಮಲಗಲು ಮಂಚ ಬೇಕು, ರಾತ್ರಿ ಪಾಳಿಗೆ ಬಸ್ಸು ಬೇಕು, ಹೊತ್ತುಹೊತ್ತಿಗೆ ಊಟ ಬೇಕು. ಅಡುಗೆಮನೆಗೆ ತರಕಾರಿ, ರಾಗಿ, ಹಾಲು ಬೇಕು. ಚನ್ನರಾಯಪಟ್ಟಣ ಹೋಬಳಿಯಲ್ಲಿ ಉಳಿದುಕೊಂಡ ಹೊಲಗಳಿಂದ ಬರುವುದೂ ಅವೇ.