ಬಸ್ಸಿಗೆ ಜನವಿಲ್ಲವೋ, ಜನಕ್ಕೆ ಬಸ್ಸಿಲ್ಲವೋ?

ಉಪ್ಪಿನಂಗಡಿ-ಕಡಬ ಮಾರ್ಗದ ಆಲಂಕಾರು ಪೇಟೆಯಲ್ಲಿ ಸಂಜೆ ಹೊತ್ತು ನಿಂತು ನೋಡಿರಿ. ಕೆಲಸ ಮುಗಿಸಿದ ಹೆಂಗಸರು, ಸಾಮಾನಿನ ಚೀಲ ಹಿಡಿದ ಸಣ್ಣ ವ್ಯಾಪಾರಿ, ಶಾಲೆಯ ಮಕ್ಕಳು ಎಲ್ಲರ ಕಣ್ಣೂ ಮಾರ್ಗದ ಕಡೆಗೆ. ಒಳಗಿನ ಊರಿನ ಬಸ್ಸು ತಪ್ಪಿತೋ, ಮಜೂರಿಯ ಒಂದು ಪಾಲು ರಿಕ್ಷಾ ಬಾಡಿಗೆಗೆ ಹೋಯಿತು. ಆದರೂ 'ಹಳ್ಳಿ ಬಸ್ಸಿಗೆ ಜನವಿಲ್ಲ, ನಷ್ಟ' ಎಂಬ ರಾಗ ನಿಂತಿಲ್ಲ.

ಜನ ತಾವಾಗಿ ಬಿಟ್ಟು ಹೋದದ್ದಲ್ಲ. ಬಸ್ಸನ್ನು ನಂಬಿ ನಾಲ್ಕು ದಿನ ಕೆಲಸಕ್ಕೆ ತಡವಾದವನು ಸಾಲ ಮಾಡಿ ಬೈಕು ತರುತ್ತಾನೆ. ಅವನ ಸೀಟು ಖಾಲಿ. ಹಾಗೆ ಹತ್ತು ಸೀಟು ಖಾಲಿಯಾದರೆ ಒಂದು ಟ್ರಿಪ್ಪು ರದ್ದು. ಆಗ ಇನ್ನೂ ಹತ್ತು ಜನ ಸಾಲಕ್ಕೆ ಓಡುತ್ತಾರೆ. ಕಾಯಲು ಉಳಿಯುವವರು ಬೈಕು ಕೊಳ್ಳಲಾರದವರು ಮಾತ್ರ; ಅವರ ದೂರು ಯಾರ ಕಿವಿಗೆ ಬೀಳುತ್ತದೆ?

'ಶ್ರೀಮಂತ ಅಮೇರಿಕದಲ್ಲೇ ಬಸ್ಸು ನಡೆಯುವುದಿಲ್ಲವಂತೆ' ಎನ್ನುವ ಪಂಡಿತರಿದ್ದಾರೆ. ಏಕೆ ನಡೆಯುವುದಿಲ್ಲವೆಂದು ಅವರು ಹೇಳುವುದಿಲ್ಲ. ಲಾಸ್ ಏಂಜಲೀಸಿನಲ್ಲಿ ದೊಡ್ಡ ಟ್ರಾಮ್ ಜಾಲವಿತ್ತು. 1963ರಲ್ಲಿ ಅದರ ಕೊನೆಯ ಟ್ರಾಮೂ ನಿಂತಿತು. ಹಲವು ಪಟ್ಟಣಗಳ ಟ್ರಾಮ್ ಕಂಪೆನಿಗಳನ್ನು ಕೊಂಡ ನ್ಯಾಷನಲ್ ಸಿಟಿ ಲೈನ್ಸಿನ ಬೆನ್ನಿಗೆ ಜನರಲ್ ಮೋಟಾರ್ಸಿನ, ಟಯರು ಮತ್ತು ಎಣ್ಣೆ ಕಂಪೆನಿಗಳ ಹಣವಿತ್ತು. ಬಸ್ಸು, ಎಣ್ಣೆ, ಟಯರುಗಳ ಮಾರಾಟವನ್ನು ತಮ್ಮದೇ ಹಿಡಿತಕ್ಕೆ ತರಲು ಒಳಸಂಚು ನಡೆಸಿದರೆಂದು 1949ರಲ್ಲಿ ತೀರ್ಪಾಯಿತು. ಜನರಲ್ ಮೋಟಾರ್ಸಿಗೆ ದಂಡ 5,000 ಡಾಲರ್, ಅದರ ಖಜಾಂಚಿಗೆ 1 ಡಾಲರ್! ಆದರೆ ಸಂಚೊಂದನ್ನೇ ದೂರುವುದು ಸರಿಯಲ್ಲ. 1956ರ ಕಾಯಿದೆಯ ಮೇರೆಗೆ ಅಂತರರಾಜ್ಯ ಹೆದ್ದಾರಿಗಳ ವೆಚ್ಚದಲ್ಲಿ ಶೇಕಡಾ 90ನ್ನು ಕೇಂದ್ರ ಸರಕಾರವೇ ಹೊತ್ತಿತು. ಕಾರಿದ್ದವರ ಮನೆಗಳು ಊರಾಚೆ ಮೈಲುಗಟ್ಟಲೆ ಹರಡಿದವು. ಅಲ್ಲಿಗೆ ಹೋಗುವ ಬಸ್ಸಿಗೆ ಜನ ಎಲ್ಲಿಂದ ಬರಬೇಕು? ಮಾರ್ಗಕ್ಕೆ ಸುರಿದದ್ದು ಅಭಿವೃದ್ಧಿ, ಬಸ್ಸಿಗೆ ಕೊಟ್ಟದ್ದು ನಷ್ಟ!

ನಮ್ಮಲ್ಲೂ ಲೆಕ್ಕ ಅದೇ. ಈ ಜಿಲ್ಲೆಯಲ್ಲಿ ಖಾಸಗಿ ಬಸ್ಸು ಹಳೆಯದು. ಮಂಗಳೂರಿನ ಕೆನರಾ ಪಬ್ಲಿಕ್ ಕನ್ವೇಯನ್ಸ್ ಕಂಪೆನಿ ಹುಟ್ಟಿದ್ದು 1914ರಲ್ಲಿ. ಅವರ ಉಪಕಾರ ಮರೆಯತಕ್ಕದ್ದಲ್ಲ. ಆದರೆ ಖಾಸಗಿ ಬಸ್ಸು ಗಳಿಕೆ ಇರುವಲ್ಲಿಗೆ, ಗಳಿಕೆ ಇರುವ ಹೊತ್ತಿಗೆ ಓಡೀತು. ಉಳಿದ ಕಡೆಗೆ ಸರಕಾರವೇ ಬರಬೇಕು. 2023ರ ಜೂನ್ 11ರಿಂದ ಶಕ್ತಿ ಯೋಜನೆಯಲ್ಲಿ ರಾಜ್ಯದ ಹೆಂಗಸರಿಗೆ ಸರಕಾರಿ ಸಾಮಾನ್ಯ ಬಸ್ಸಿನ ಪ್ರಯಾಣ ಉಚಿತವಾಯಿತು. ಒಳ್ಳೆಯದೇ ಆಯಿತು. ಆದರೆ ಸರಕಾರಿ ಬಸ್ಸೇ ಬಾರದ ಊರಿನಲ್ಲಿ ಬೀಡಿ ಕಟ್ಟುವ ಅಕ್ಕನಿಗೆ ಉಚಿತ ಟಿಕೇಟಿನಿಂದ ಏನು ಸಿಕ್ಕಿತು?

ಮುಂದಿನ ಗ್ರಾಮಸಭೆಗೆ ಸಾರಿಗೆ ನಿಗಮದ ಪುತ್ತೂರು ವಿಭಾಗದ ವೇಳಾಪಟ್ಟಿ ತರಿಸಿ ಕೇಳೋಣ: ಯಾವ ಟ್ರಿಪ್ಪು ಯಾವಾಗ ನಿಂತಿತು, ಯಾರನ್ನು ಕೇಳಿ ನಿಲ್ಲಿಸಿದಿರಿ?