ಮೊದಲು ಹೊರರೋಗಿ ವಿಭಾಗದ ಬಾಗಿಲು ತೆರೆಯಲಿ

ರಾಜೀವ್ ಗಾಂಧಿ ಆರೋಗ್ಯ ವಿಜ್ಞಾನಗಳ ವಿಶ್ವವಿದ್ಯಾಲಯಕ್ಕೆ ರಾಮನಗರದ ಅರ್ಚಕರಹಳ್ಳಿಯಲ್ಲಿ ಸ್ವಂತ ಕ್ಯಾಂಪಸ್ ಕಟ್ಟಬೇಕು, ಅಲ್ಲಿ ಆಸ್ಪತ್ರೆ, ಕಾಲೇಜು, ಸಂಶೋಧನೆ ಎಲ್ಲವೂ ಒಂದೇ ಕಡೆ ಇರಬೇಕು ಎಂಬ ಯೋಜನೆಗೆ ಎರಡು ದಶಕಗಳ ಹತ್ತಿರ ವಯಸ್ಸಾಯಿತು. ಎಚ್.ಡಿ. ಕುಮಾರಸ್ವಾಮಿಯವರು ಮೊದಲ ಸಲ ಮುಖ್ಯಮಂತ್ರಿಯಾಗಿದ್ದಾಗ ಮೊಳೆತ ಯೋಜನೆಯಿದು. ರಾಮನಗರ ಜಿಲ್ಲೆ ರಚನೆಯಾದದ್ದು 2007ರಲ್ಲಿ. 2025ರಲ್ಲಿ ಅದೇ ಜಿಲ್ಲೆಗೆ ಬೆಂಗಳೂರು ದಕ್ಷಿಣವೆಂದು ಹೆಸರಿಡಲು ಸಚಿವ ಸಂಪುಟ ಒಪ್ಪಿತು. ಒಂದು ಜಿಲ್ಲೆ ಹುಟ್ಟಿ, ಬೆಳೆದು, ಹೆಸರು ಬದಲಿಸಿಕೊಳ್ಳುವ ಹೊತ್ತಿಗೂ ಕ್ಯಾಂಪಸ್ ಕಟ್ಟಿ ಮುಗಿದಿರಲಿಲ್ಲ. ನಡುವೆ ಭೂಮಿಯ ತಕರಾರು, ಪರಿಹಾರದ ತಕರಾರು, ನ್ಯಾಯಾಲಯದ ಮೆಟ್ಟಿಲು. 2023ರ ಸೆಪ್ಟೆಂಬರಿನಲ್ಲಿ ವೈದ್ಯಕೀಯ ಕಾಲೇಜು ಕನಕಪುರದ ಪಾಲಾಗುತ್ತದೆಂದು ಊರಿಗೆ ಊರೇ ಬಂದ್ ಆಚರಿಸಿತು. ಕಾಲೇಜು ಯಾವ ಊರಿಗೆ ಸೇರಬೇಕೆಂಬ ಜಗಳ ದೊಡ್ಡದಾಯಿತು. ಆ ಕ್ಯಾಂಪಸ್ಸಿನೊಳಗೆ ಏನಿರಬೇಕು ಎಂಬ ಚರ್ಚೆ ಸಾರ್ವಜನಿಕರ ಕಿವಿಗೆ ಬೀಳಲೇ ಇಲ್ಲ.

ಈ ವಿಶ್ವವಿದ್ಯಾಲಯ ಆರಂಭವಾದದ್ದು 1996ರ ಜೂನ್ 1ರಂದು. ಅದಕ್ಕೆ ಮುಂಚೆ ರಾಜ್ಯದ ವೈದ್ಯಕೀಯ ಕಾಲೇಜುಗಳು ಬೆಂಗಳೂರು, ಮೈಸೂರು, ಕರ್ನಾಟಕ, ಗುಲಬರ್ಗಾ ಹೀಗೆ ಬೇರೆ ಬೇರೆ ವಿಶ್ವವಿದ್ಯಾಲಯಗಳಲ್ಲಿ ಹಂಚಿಹೋಗಿದ್ದವು. ಒಬ್ಬೊಬ್ಬರದು ಒಂದೊಂದು ಪಠ್ಯಕ್ರಮ, ಒಂದೊಂದು ಪರೀಕ್ಷೆ. ಅವನ್ನೆಲ್ಲ ಒಂದೇ ಸೂರಿನಡಿ ತಂದದ್ದು ಒಳ್ಳೆಯ ಕೆಲಸವೇ. ಉತ್ತರಪತ್ರಿಕೆಗಳನ್ನು ಸ್ಕ್ಯಾನ್ ಮಾಡಿ ಕಂಪ್ಯೂಟರಿನ ಪರದೆಯ ಮೇಲೆ ಮೌಲ್ಯಮಾಪನ ಮಾಡುವ ಪದ್ಧತಿಯನ್ನೂ ಅದು ರೂಢಿಗೆ ತಂದಿತು. ಆದರೆ ವೈದ್ಯಕೀಯ, ದಂತವೈದ್ಯಕೀಯ, ಆಯುರ್ವೇದ, ನರ್ಸಿಂಗ್, ಫಾರ್ಮಸಿ, ಫಿಸಿಯೋಥೆರಪಿ ಎಂದು ಸಾವಿರಕ್ಕೂ ಹೆಚ್ಚು ಕಾಲೇಜುಗಳಿಗೆ ಪ್ರಶ್ನೆಪತ್ರಿಕೆ ಕಳಿಸಿ ಪದವಿ ಕೊಡುವ ಸಂಸ್ಥೆಗೆ ತನ್ನದೇ ಆದ ಒಂದು ದೊಡ್ಡ ಬೋಧನಾ ಆಸ್ಪತ್ರೆ ಇಲ್ಲದಿದ್ದರೆ, ಅದು ಪರೀಕ್ಷಾ ಮಂಡಳಿಯಾಗಿಯೇ ಉಳಿಯುತ್ತದೆ.

ಈ ಮಾತು ನಮ್ಮ ಓದುಗರಿಗೆ ಹೊಸದಲ್ಲ. ನಮ್ಮ ಸಮಾಜದ ವಿದ್ಯಾಸಂಸ್ಥೆಗಳೇ ಇದಕ್ಕೆ ಸಾಕ್ಷಿ. ಬೆಳಗಾವಿಯಲ್ಲಿ ಕೆ.ಎಲ್.ಇ. ಸಂಸ್ಥೆ 1963ರಲ್ಲಿ, ಮೈಸೂರಿನಲ್ಲಿ ಜೆ.ಎಸ್.ಎಸ್. 1984ರಲ್ಲಿ, ವಿಜಯಪುರದಲ್ಲಿ ಬಿ.ಎಲ್.ಡಿ.ಇ. 1986ರಲ್ಲಿ ವೈದ್ಯಕೀಯ ಕಾಲೇಜು ತೆರೆದವು. ಆಸ್ಪತ್ರೆ ಬೆಳೆಯಿತು, ಹಳ್ಳಿಯ ರೋಗಿಗಳು ಬಂದರು, ರೋಗಿಗಳ ಹಿಂದೆ ಸಂಶೋಧನೆ ಬಂತು. ಮುಂದೆ ಈ ಮೂರೂ ಸಂಸ್ಥೆಗಳು ಡೀಮ್ಡ್ ವಿಶ್ವವಿದ್ಯಾಲಯಗಳಾಗಿ ತಮ್ಮ ದಾರಿ ಹಿಡಿದವು. ಮೊದಲು ಹಾಸಿಗೆ, ಆಮೇಲೆ ವಿಶ್ವವಿದ್ಯಾಲಯ. ಸರ್ಕಾರದ ವಿಶ್ವವಿದ್ಯಾಲಯ ಇದನ್ನು ತಲೆಕೆಳಗು ಮಾಡಿತು. ಈಗ ಕ್ಯಾಂಪಸ್ಸಿನಲ್ಲೂ ಅದೇ ಆಗಬಾರದೆಂಬುದೇ ನಮ್ಮ ಕಳವಳ.

ನನ್ನ ವೃತ್ತಿಜೀವನ ಕಳೆದದ್ದು ಸರ್ಕಾರಿ ಕಾಮಗಾರಿಗಳಲ್ಲಿ. ನಮ್ಮಲ್ಲಿ ಆಡಳಿತ ಭವನ ಬೇಗ ಏಳುತ್ತದೆ. ಅದಕ್ಕೆ ಗೋಡೆ, ಲಿಫ್ಟು, ಗಾಜಿನ ಮುಂಭಾಗ ಇದ್ದರೆ ಸಾಕು, ಉದ್ಘಾಟನೆಗೂ ಚೆಂದ. ಆಸ್ಪತ್ರೆ ಹಾಗಲ್ಲ. ನೂರಕ್ಕಿಂತ ಹೆಚ್ಚು ಹಾಸಿಗೆಯ ಆಸ್ಪತ್ರೆಗೆ ದಿನಕ್ಕೆ ಹಾಸಿಗೆಯೊಂದಕ್ಕೆ 450 ಲೀಟರ್ ನೀರು ಎಂದು ಭಾರತೀಯ ಮಾನಕ ಹೇಳುತ್ತದೆ. 150 ಎಂ.ಬಿ.ಬಿ.ಎಸ್. ಸೀಟುಗಳ ಕಾಲೇಜಿಗೆ ಸುಮಾರು 600 ಹಾಸಿಗೆ ಬೇಕು. ಅಲ್ಲಿಗೆ ದಿನಕ್ಕೆ 2.7 ಲಕ್ಷ ಲೀಟರ್ ಆಯಿತು. ಹಾಸ್ಟೆಲು, ವಸತಿಗೃಹಗಳ ಲೆಕ್ಕ ಬೇರೆ. ಈ ನೀರು ಎಲ್ಲಿಂದ ಬರುತ್ತದೆ, ಬಳಸಿದ ಮೇಲೆ ಎಲ್ಲಿಗೆ ಹೋಗುತ್ತದೆ? ರಾಮನಗರ ಅರ್ಕಾವತಿಯ ದಂಡೆಯ ಊರು. ಅರ್ಕಾವತಿ ಮುಂದೆ ಸಂಗಮದಲ್ಲಿ ಕಾವೇರಿಯನ್ನು ಸೇರುತ್ತದೆ. ಆಸ್ಪತ್ರೆಯ ಕೊಳಚೆಯಲ್ಲಿ ಔಷಧವೂ ಇರುತ್ತದೆ, ರೋಗಾಣುವೂ ಇರುತ್ತದೆ. ಶುದ್ಧೀಕರಣ ಘಟಕವನ್ನು ಎರಡನೇ ಹಂತಕ್ಕೆ ತಳ್ಳಿದರೆ ಆ ಎರಡನೇ ಹಂತ ಬರುವುದೇ ಇಲ್ಲ. ಇದನ್ನು ಅನುಭವದಿಂದ ಹೇಳುತ್ತಿದ್ದೇನೆ.

ಇನ್ನೊಂದು ಅನುಭವ. ಒಂದು ತಾಲ್ಲೂಕು ಆಸ್ಪತ್ರೆಗೆ ಹೊಸ ಶಸ್ತ್ರಚಿಕಿತ್ಸಾ ಕೊಠಡಿ ಕಟ್ಟಿಕೊಟ್ಟೆವು. ಗಾಳಿ ಶೋಧಿಸಿ ಒಳಗೆ ಬಿಡುವ ಯಂತ್ರವೂ ಇತ್ತು. ಎರಡು ವರ್ಷದ ಮೇಲೆ ಹೋಗಿ ನೋಡಿದರೆ ಯಂತ್ರ ನಿಂತು, ಕೊಠಡಿಯಲ್ಲಿ ಔಷಧದ ಪೆಟ್ಟಿಗೆಗಳು ತುಂಬಿದ್ದವು. ಯಂತ್ರ ಕೆಟ್ಟಿರಲಿಲ್ಲ, ಫಿಲ್ಟರ್ ಬದಲಿಸಲು ಹಣವಿರಲಿಲ್ಲ. ಕಟ್ಟಲು ಒಂದು ಲೆಕ್ಕಶೀರ್ಷಿಕೆ, ನಿರ್ವಹಣೆಗೆ ಇನ್ನೊಂದು. ಎರಡನೆಯದು ಬಹುಪಾಲು ಖಾಲಿ. ಕ್ಯಾಂಪಸ್ಸಿನ ಅಂದಾಜುಪಟ್ಟಿಯಲ್ಲಿ ಮೊದಲ ಹತ್ತು ವರ್ಷಗಳ ನಿರ್ವಹಣಾ ವೆಚ್ಚ ಇದೆಯೇ ಎಂದು ಕೇಳುವ ಹಕ್ಕು ಎಲ್ಲರಿಗೂ ಇದೆ. ವಿಶ್ವವಿದ್ಯಾಲಯದ ಬೊಕ್ಕಸಕ್ಕೆ ಬರುವ ಹಣದಲ್ಲಿ ವಿದ್ಯಾರ್ಥಿಗಳು ಕಟ್ಟುವ ಪರೀಕ್ಷಾ ಶುಲ್ಕವೂ ಸೇರಿದೆ. ಬೀದರಿನ ನರ್ಸಿಂಗ್ ವಿದ್ಯಾರ್ಥಿನಿಯ ಅಪ್ಪ ಕಟ್ಟಿದ ದುಡ್ಡೂ ಅದರಲ್ಲಿದೆ.

ನರ್ಸಿಂಗ್ ಎಂದಾಗ ನೆನಪಾಯಿತು. ಕ್ಯಾಂಪಸ್ ಎಂದರೆ ಎಲ್ಲರ ಕಣ್ಣು ಎಂ.ಬಿ.ಬಿ.ಎಸ್. ಸೀಟಿನ ಮೇಲೆಯೇ. ಆದರೆ ಐ.ಸಿ.ಯು.ನಲ್ಲಿ ರಾತ್ರಿಯಿಡೀ ರೋಗಿಯ ಬಳಿ ನಿಲ್ಲುವವಳು ನರ್ಸ್. ಡಯಾಲಿಸಿಸ್ ಯಂತ್ರ ನಡೆಸುವವನು ತಂತ್ರಜ್ಞ. ಕೋವಿಡ್ ಕಾಲದಲ್ಲಿ ವೆಂಟಿಲೇಟರ್ ಬಂದಿದ್ದರೂ ನಡೆಸಬಲ್ಲವರಿಲ್ಲದೆ ಮೂಲೆ ಹಿಡಿದ ಆಸ್ಪತ್ರೆಗಳನ್ನು ಕಂಡಿದ್ದೇವೆ. ಇಂಥ ವೃತ್ತಿಗಳಿಗೊಂದು ರಾಷ್ಟ್ರೀಯ ಆಯೋಗ ಬೇಕೆಂದು ಸಂಸತ್ತು ಕಾಯ್ದೆ ಮಾಡಿದ್ದೇ 2021ರಲ್ಲಿ. ಕಾಯಕದಲ್ಲಿ ಮೇಲು ಕೀಳಿಲ್ಲವೆಂದು ವೇದಿಕೆಯ ಮೇಲೆ ಹೇಳುವ ನಾವು ನಮ್ಮ ಮಗ ಡಾಕ್ಟರಾಗದಿದ್ದರೆ ಮುಖ ಸಣ್ಣ ಮಾಡಿಕೊಳ್ಳುತ್ತೇವೆ. ಶರಣರ ನಡುವೆ ವೈದ್ಯ ಸಂಗಣ್ಣ ಇದ್ದರು, ಬಟ್ಟೆ ಒಗೆಯುವ ಮಡಿವಾಳ ಮಾಚಿದೇವರೂ ಇದ್ದರು. ಇಬ್ಬರಿಗೂ ಅನುಭವ ಮಂಟಪದಲ್ಲಿ ಒಂದೇ ನೆಲ. ಆಸ್ಪತ್ರೆಯಲ್ಲಿ ಬಟ್ಟೆ ಸರಿಯಾಗಿ ಒಗೆಯದಿದ್ದರೆ, ಹಳದಿ ಚೀಲಕ್ಕೆ ಹಾಕಬೇಕಾದ ತ್ಯಾಜ್ಯ ಕೆಂಪು ಚೀಲಕ್ಕೆ ಬಿದ್ದರೆ ಸೋಂಕು ಡಾಕ್ಟರರ ಪದವಿ ನೋಡಿ ನಿಲ್ಲುವುದಿಲ್ಲ. ಈ ಕೆಲಸಗಳನ್ನೆಲ್ಲ ಕೈಯಿಂದ ಮಾಡಿ ಕಲಿಯುವ ಜಾಗವಾಗಲಿ ಅರ್ಚಕರಹಳ್ಳಿ.

ಆವಿಷ್ಕಾರ ಎಂಬ ಮಾತೂ ಕೇಳಿಬರುತ್ತಿದೆ. ಆ ಹೆಸರಿನಲ್ಲಿ ಒಂದು ಹವಾನಿಯಂತ್ರಿತ ಸಭಾಂಗಣ ಎದ್ದು ನಿಂತರೆ ಪ್ರಯೋಜನವಿಲ್ಲ. ರಾಮನಗರದ ರೇಷ್ಮೆಗೂಡಿನ ಮಾರುಕಟ್ಟೆ ಏಷ್ಯಾದಲ್ಲೇ ಹೆಸರಾದದ್ದು. ಶಸ್ತ್ರವೈದ್ಯರು ಗಾಯ ಹೊಲಿಯಲು ರೇಷ್ಮೆ ದಾರವನ್ನು ಬಹಳ ಕಾಲದಿಂದ ಬಳಸುತ್ತಾರೆ. ಅದೇ ಎಳೆಯಲ್ಲಿರುವ ಫೈಬ್ರಾಯಿನ್ ಎಂಬ ಪ್ರೋಟೀನಿನಿಂದ ಈಗ ಗಾಯದ ಪಟ್ಟಿಗಳೂ ತಯಾರಾಗುತ್ತಿವೆ. ಮಧುಮೇಹದಿಂದ ಕಾಲಿನ ಹುಣ್ಣು ಮಾಯದ ರೋಗಿ, ರೇಷ್ಮೆ ಬೆಳೆಗಾರ, ಪ್ರಯೋಗಾಲಯ ಮೂರೂ ಕೆಲವೇ ಮೈಲಿಗಳ ಅಂತರದಲ್ಲಿ ಸಿಗುವ ಊರು ಬೇರೆ ಎಲ್ಲಿದೆ? ಆದರೆ ಆ ರೋಗಿ ಬರಬೇಕಾದರೆ ಮೊದಲು ಆಸ್ಪತ್ರೆ ನಡೆಯಬೇಕು.

ಅಪಘಾತದ ಗಾಯಾಳುಗಳಿಗಂತೂ ಅದು ಇನ್ನೂ ತುರ್ತು. 118 ಕಿಲೋಮೀಟರಿನ ಬೆಂಗಳೂರು-ಮೈಸೂರು ಎಕ್ಸ್‌ಪ್ರೆಸ್‌ವೇ 2023ರ ಮಾರ್ಚಿನಲ್ಲಿ ಉದ್ಘಾಟನೆಯಾಯಿತು. ಅದೇ ವರ್ಷ ಆಗಸ್ಟ್ 1ರಿಂದ ಬೈಕು, ಆಟೊ, ಟ್ರ್ಯಾಕ್ಟರುಗಳನ್ನು ಮುಖ್ಯ ಪಥದಿಂದ ಹೊರಗಿಡಬೇಕಾದಷ್ಟು ಸಾವುನೋವು ಕಂಡ ರಸ್ತೆಯದು. ಅದರ ಪಕ್ಕದಲ್ಲೇ ಏಳುತ್ತಿರುವ ಆರೋಗ್ಯ ಕ್ಯಾಂಪಸ್ಸಿನಲ್ಲಿ ದಿನದ 24 ಗಂಟೆಯೂ ನಡೆಯುವ ಅಪಘಾತ ಚಿಕಿತ್ಸಾ ವಿಭಾಗ ಮೊದಲ ಕಟ್ಟಡವಾಗಬೇಕಲ್ಲವೇ?

ಭೂಮಿ ಬಿಟ್ಟುಕೊಟ್ಟ ರೈತರನ್ನೂ ಮರೆಯಬಾರದು. ಅವರಲ್ಲಿ ಕೆಲವರು ಪರಿಹಾರಕ್ಕಾಗಿ ಕೋರ್ಟು ಅಲೆಯುತ್ತಲೇ ಮುದುಕರಾದರು. ಅವರ ಮನೆಯವರಿಗೆ ಉಚಿತ ಚಿಕಿತ್ಸೆ, ಅವರ ಮಕ್ಕಳಿಗೆ ನರ್ಸಿಂಗ್ ಮತ್ತು ತಂತ್ರಜ್ಞ ತರಬೇತಿಯಲ್ಲಿ ಕೆಲವು ಸೀಟು ಕೊಟ್ಟರೆ ವಿಶ್ವವಿದ್ಯಾಲಯ ಬಡವಾಗುವುದಿಲ್ಲ.

ಕುಲಪತಿಗಳು ಮತ್ತು ಸಿಂಡಿಕೇಟ್ ಸದಸ್ಯರಲ್ಲಿ ನಮ್ಮ ಕೋರಿಕೆ ಇಷ್ಟೇ. ಕಾಮಗಾರಿಯ ಹಂತಗಳ ಪಟ್ಟಿಯನ್ನು ಕನ್ನಡದಲ್ಲಿ ಪ್ರಕಟಿಸಿ. ಹೊರರೋಗಿ ವಿಭಾಗ, ಅಪಘಾತ ವಿಭಾಗ ಮತ್ತು ನೀರು ಶುದ್ಧೀಕರಣ ಘಟಕಕ್ಕೆ ದಿನಾಂಕ ನಿಗದಿ ಮಾಡಿ. ಜಯನಗರದ ಕಚೇರಿ ಇಷ್ಟು ವರ್ಷ ಕೆಲಸ ಮಾಡಿಕೊಂಡು ಬಂದಿದೆ, ಇನ್ನೂ ಕೆಲವು ವರ್ಷ ಅಲ್ಲೇ ಇದ್ದರೂ ನಡೆಯುತ್ತದೆ.