ಕಾಲೋನಿ ಮೇಲೆ ಹಾರೋ ಡ್ರೋನ್‌ಗೂ ನಂಬರ್ ಪ್ಲೇಟ್ ಬೇಕು



ರಾಮನಗರ, ಚನ್ನಪಟ್ಟಣ, ಕನಕಪುರ, ಮಾಗಡಿ ಕಡೆ ನಮ್ಮ ಕಾಲೋನಿಗಳ ಮೇಲೆ ಡ್ರೋನ್ ಹಾರಿದ್ರೆ ನಾವು ಕೇಳೋದು ಒಂದೇ ಮಾತು: ಇದು ಯಾರ್ದು? ಮದುವೆ ವಿಡಿಯೋದವರದಾ, ಸರ್ಕಾರದ ಸರ್ವೆದಾ, ಇಲ್ಲ ಲೇಔಟ್ ಮಾಡೋರು ಜಮೀನು ನೋಡ್ತಿದಾರಾ? ಸ್ವಾಮಿತ್ವ ಸರ್ವೆ ಆದ್ರೆ ಮೊದಲೇ ಊರಿಗೆ ತಿಳಿಸ್ತಾರೆ, ಸುಣ್ಣದ ಗೆರೆ ಎಳೀತಾರೆ. ಏನೂ ಹೇಳದೆ ಬಂದಿದ್ದು ಯಾರದು ಅಂತ ಬರೀ ಆಕಾಶ ನೋಡಿ ಹೇಳೋಕೆ ಪೊಲೀಸರಿಗೂ ಆಗಲ್ಲ.

ಕಾನೂನು ಇಲ್ವಾ? ಇದೆ. 2021ರ ಡ್ರೋನ್ ನಿಯಮಗಳ ಪ್ರಕಾರ ಡ್ರೋನ್‌ಗೆ ನೋಂದಣಿ ಸಂಖ್ಯೆ ಬೇಕು, ನಿಯಮ ಮುರಿದ್ರೆ 1 ಲಕ್ಷ ರೂಪಾಯಿವರೆಗೆ ದಂಡ. ಆದ್ರೆ 400 ಅಡಿ ಮೇಲಿರೋ ನಂಬರ್ ಯಾರು ಓದ್ತಾರೆ? ಹಾರುವಾಗಲೇ ತನ್ನ ಗುರುತು ತಿಳಿಸೋ ಟ್ರ್ಯಾಕಿಂಗ್ ಬೀಕನ್ ಬಗ್ಗೆ ಅದೇ ನಿಯಮ ಹೇಳೋದು, ಸರ್ಕಾರ ಮುಂದೆ ಕಡ್ಡಾಯ ಮಾಡಬಹುದು ಅಂತ. ಹೆಲ್ಮೆಟ್ ಇಲ್ಲದ ಕೂಲಿಯವನಿಗೆ ಸರ್ಕಲ್‌ನಲ್ಲೇ ದಂಡ, ಇಲ್ಲಿ ಮಾತ್ರ "ಮಾಡಬಹುದು"!

ಅಮೆರಿಕದಲ್ಲಿ ರಿಮೋಟ್ ಐಡಿ ಕಡ್ಡಾಯ. ಡ್ರೋನಿನ ಸಂಖ್ಯೆ, ಎತ್ತರ, ಹಾರಿಸ್ತಿರೋನು ನಿಂತಿರೋ ಜಾಗ ಎಲ್ಲಾ ರೇಡಿಯೋ ಸಿಗ್ನಲ್‌ನಲ್ಲಿ ಬರುತ್ತೆ. ಹತ್ತಿರ ಇರೋರು ಮೊಬೈಲ್‌ನಲ್ಲೇ ನೋಡಬಹುದು. ಮಾಲೀಕನ ಹೆಸರು, ವಿಳಾಸ ಮಾತ್ರ ಅಧಿಕಾರಿಗಳ ಹತ್ರ ಇರುತ್ತೆ.

"ಪೊಲೀಸರಿಗೆ ಗೊತ್ತಾದ್ರೆ ಸಾಕು, ನಿಮಗ್ಯಾಕೆ?" ಅಂತಾರೆ. ಸಾಕಾಗಲ್ಲ ಸ್ವಾಮಿ. 1978ರ ಪಿಟಿಸಿಎಲ್ ಕಾಯ್ದೆ ಇದ್ದೂ ನಮ್ಮ ಮಂಜೂರಾತಿ ಜಮೀನು ಉಳಿಸ್ಕೊಳ್ಳೋಕೆ ವರ್ಷಗಟ್ಟಲೆ ಕಚೇರಿ ಅಲೀತೀವಿ. ಸೂರಿಲ್ಲದ ಬಚ್ಚಲಲ್ಲಿ ಸ್ನಾನ ಮಾಡೋ ಹೆಣ್ಮಕ್ಕಳು ನಮ್ಮ ಮನೇಲಿದಾರೆ. ದೂರು ಕೊಡೋಕೆ ಹೋದ್ರೆ ಮೊದಲು ಕೇಳೋದೇ "ಸಾಕ್ಷಿ ಎಲ್ಲಿ?" ಆ ಸಂಖ್ಯೆ ನಮ್ಮ ಮೊಬೈಲಿಗೆ ಬಂದ್ರೆ ಅದೇ ಸಾಕ್ಷಿ. ಬೀಕನ್ ಆಫ್ ಮಾಡಿ ಹಾರಿಸಿದ್ರೆ? ಎಲ್ಲರಿಗೂ ಕಡ್ಡಾಯ ಆದ್ಮೇಲೆ ಗುರುತು ಹೇಳದ ಡ್ರೋನೇ ಅನುಮಾನದ ಡ್ರೋನ್. ತನಿಖೆ ಅಲ್ಲಿಂದಲೇ ಶುರುವಾಗ್ಲಿ.

ನಾನು ಕೇಳೋದು ಮೂರೇ. ಬೀಕನ್ ಕಡ್ಡಾಯ ಮಾಡಿ. ಅದನ್ನ ಓದೋ ಸಾಧನ ಪ್ರತಿ ಠಾಣೆಗೂ, ಕನ್ನಡದ ಆ್ಯಪ್ ಜನಕ್ಕೂ ಕೊಡಿ. ನಮ್ಮ ಧರಣಿ ಮೇಲೆ ಹಾರೋ ಪೊಲೀಸ್ ಡ್ರೋನ್‌ಗೂ ಇದೇ ನಿಯಮ ಇರ್ಲಿ.

ಅಲ್ಲೀವರೆಗೂ ಹುಡುಗ್ರಾ, ಕಲ್ಲು ಹೊಡೀಬೇಡಿ. ಕೇಸ್ ನಮ್ಮ ಮೇಲೇ ಬೀಳುತ್ತೆ. ವಿಡಿಯೋ ಮಾಡಿ, ಸಮಯ, ಬಂದ ದಿಕ್ಕು ಬರ್ಕೊಳ್ಳಿ, 112ಕ್ಕೆ ಫೋನ್ ಮಾಡಿ, ಲಿಖಿತ ದೂರು ಕೊಟ್ಟು ಸ್ವೀಕೃತಿ ತಗೊಳ್ಳಿ.

ನೆಲದ ಹಕ್ಕಿಗೆ ಹೋರಾಡಿದೋರು ನಾವು. ತಲೆ ಮೇಲಿನ ಆಕಾಶದ ಲೆಕ್ಕಾನೂ ಕೇಳೋಣ.

ಜೈ ಭೀಮ್.